ವಾಗಣಗೇರಾದಲ್ಲಿ ಮಾತು ತಪ್ಪಿದವರು ಯಾರು?

ಯಾದಗಿರಿ ಜಿಲ್ಲೆಯ ಸುರಪುರ ಪಟ್ಟಣಕ್ಕೆ ಸಮೀಪದ ವಾಗಣಗೇರಾದ ಗುಡ್ಡದ ಕೋಟೆಯು, ಮೊಗಲ್ ಚಕ್ರವರ್ತಿ ಔರಂಗಜೇಬನು ತಾನೇ ದಂಡಿನೊಡನೆ ಬಂದು ಹಾಕಿದ ಕೊನೆಯ ಮುತ್ತಿಗೆಯನ್ನು ಕಂಡ ಕೋಟೆಯಾಗಿದೆ. ಈ ಮುತ್ತಿಗೆಯು 1705ರ ಫೆಬ್ರವರಿ 8ರಂದು ಆರಂಭವಾಗಿ ಏಪ್ರಿಲ್ 27ರಂದು ಮುಗಿಯಿತು. ಈ ತಾರೀಕುಗಳು ಹಳೆಯ ಜೂಲಿಯನ್ ಪಂಚಾಂಗದವಾದ್ದರಿಂದ, ಇಂದಿನ ಲೆಕ್ಕಕ್ಕೆ ತರಬೇಕಾದರೆ ಹನ್ನೊಂದು ದಿನ ಕೂಡಿಸಿಕೊಳ್ಳಬೇಕು. ಆಗ ಎಂಬತ್ತಾರು ವರ್ಷದ ಮುದುಕನಾಗಿದ್ದ ಚಕ್ರವರ್ತಿ, ಬಿಜಾಪುರ ಮತ್ತು ಗೋಲ್ಕೊಂಡದಂತಹ ಎರಡು ದೊಡ್ಡ ರಾಜ್ಯಗಳನ್ನು ನುಂಗಿದ ಮೇಲೂ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಕಲ್ಲುಗುಡ್ಡಗಳ ಸೀಮೆಯಲ್ಲಿ ಬೇಡ ನಾಯಕರ ಒಂದು ಕೋಟೆಯ ಮುಂದೆ ಹನ್ನೊಂದು ವಾರ ಕಾಯಬೇಕಾಯಿತು. ಅವನು ಏಕೆ ಬಂದನು, ಒಳಗಿದ್ದ ಬೇಡರ ದೊರೆ ಪಿಡ್ಡನಾಯಕನು ಮಾಡಿದ ಸಂಧಾನ ಮೋಸವೋ ರಾಜನೀತಿಯೋ, ಕಡೆಗೆ ಗೆದ್ದವರು ಯಾರು ಎಂಬ ಮೂರು ಪ್ರಶ್ನೆಗಳ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತ ಮೂಡಿಲ್ಲ. ಈ ವಾದಗಳು ಮುಖ್ಯವಾಗಿ ಇಂಗ್ಲಿಷ್ ಪುಸ್ತಕಗಳಲ್ಲಿ, ಅದರಲ್ಲೂ ಮೊಗಲ್ ಸಾಮ್ರಾಜ್ಯದ ಪತನದ ಚರ್ಚೆಯ ಅಂಚಿನಲ್ಲಿ ನಡೆದಿರುವುದರಿಂದ, ಆ ಕೋಟೆಯ ನೆರಳಿನಲ್ಲೇ ಬದುಕುತ್ತಿರುವ ಕನ್ನಡ ಓದುಗರಿಗೆ ಅವು ಹೆಚ್ಚು ತಲುಪಿಲ್ಲ.

ಮುತ್ತಿಗೆಯ ಹಿನ್ನೆಲೆ ಅದಕ್ಕಿಂತ ಎರಡು ದಶಕ ಹಿಂದಿನದು. ಇಂದಿನ ಶಹಾಪುರ ತಾಲ್ಲೂಕಿನಲ್ಲಿರುವ ಸಗರವು, ಮೊಗಲ್ ದಾಖಲೆಗಳಲ್ಲಿ ನುಸ್ರತಾಬಾದ್ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಈ ಕೋಟೆಯ ಊರು, ಬೇಡ ನಾಯಕರ ಹಿಂದಿನ ನೆಲೆಯಾಗಿತ್ತು. ಅಲ್ಲಿಯ ಪಾಮನಾಯಕನು ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಪರವಾಗಿ ಮೊಗಲರ ವಿರುದ್ಧ ಕಾದಿದವನು. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರವೂ ಮರುವರ್ಷದ ಸೆಪ್ಟೆಂಬರಿನಲ್ಲಿ ಗೋಲ್ಕೊಂಡವೂ ಬಿದ್ದ ಮೇಲೆ ಅವನಿಗೆ ಬೇರೆ ಆಸರೆ ಉಳಿಯಲಿಲ್ಲ. 1687ರ ಕೊನೆಗೆ ಸಗರವನ್ನು ಒಪ್ಪಿಸಿ ಚಕ್ರವರ್ತಿಯ ಬಿಡಾರಕ್ಕೆ ಹೋದ ಅವನು ಕೆಲವೇ ದಿನಗಳಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಅಣ್ಣತಮ್ಮಂದಿರ ಮಗನೂ ದತ್ತುಪುತ್ರನೂ ಆದ ಪಿಡ್ಡನಾಯಕನು, ಪಾರಸಿ ಬರಹಗಾರರು ಪೀಡಿಯಾ ಎಂದು ಕರೆದ ದೊರೆಯು, ಮೊದಲು ಮೊಗಲ್ ಸೇನೆಯಲ್ಲಿ ಸೇರಿ, ರಾಯಚೂರಿನ ಮೇಲಿನ ದಂಡಯಾತ್ರೆಯ ನಂತರ ಊರಿಗೆ ಮರಳಲು ಅಪ್ಪಣೆ ಪಡೆದು, ವಾಗಣಗೇರಾಕ್ಕೆ ಬಂದು ಗುಡ್ಡವನ್ನು ಭದ್ರಪಡಿಸಿ, ಸುತ್ತಲಿನ ಬೇಡರನ್ನು ಕೂಡಿಸಿಕೊಂಡು, ಕಂದಾಯವನ್ನು ತಾನೇ ಎತ್ತತೊಡಗಿದನು. ಅವನನ್ನು ಅಡಗಿಸಲು ಹದಿನೈದು ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಸೇನಾಪತಿಗಳು ಬಂದರು. ಅವನು ಪ್ರತಿ ಸಲವೂ ಪೇಶ್ಕಶ್, ಅಂದರೆ ಅಧೀನತೆಯ ಗುರುತಾಗಿ ಸಲ್ಲಿಸುವ ಕಾಣಿಕೆಯ ಹಣವನ್ನು ಲಕ್ಷಗಟ್ಟಲೆ ಒಪ್ಪಿಕೊಂಡು ಅವರನ್ನು ಬೀಳ್ಕೊಡುತ್ತಿದ್ದನು, ಅವರು ದಾಟಿದ ಮೇಲೆ ತನ್ನ ಆಳ್ವಿಕೆಯನ್ನು ಮುಂದುವರಿಸುತ್ತಿದ್ದನು.

ಇದನ್ನೆಲ್ಲ ತಿಳಿಸುವ ಆಕರಗಳು ಯಾವುವೆಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಚರ್ಚೆಯ ಗಂಟೆಲ್ಲ ಇರುವುದು ಅಲ್ಲಿಯೇ. ಒಂದು, ಸಾಕಿ ಮುಸ್ತೈದ್ ಖಾನನು 1710ರಲ್ಲಿ ಮುಗಿಸಿದ ‘ಮಆಸಿರ್-ಇ-ಆಲಂಗೀರಿ’. ಇದು ದರ್ಬಾರಿನ ದಾಖಲೆಗಳನ್ನು ಬಳಸಿ ಬರೆದ ಚಕ್ರವರ್ತಿಯ ಅಧಿಕೃತ ಚರಿತ್ರೆ. ಇನ್ನೊಂದು, ಬುಂದೇಲ ಸರದಾರ ದಲಪತ ರಾವ್‌ನ ಸೇವೆಯಲ್ಲಿದ್ದ ಕಾಯಸ್ಥ ಲೆಕ್ಕಿಗ ಭೀಮಸೇನ ಸಕ್ಸೇನಾನ ‘ತಾರೀಖ್-ಇ-ದಿಲ್ಕುಶಾ’. ಅವನು ಮೊಗಲರ ಪಕ್ಷದವನಾದರೂ ದರ್ಬಾರಿನಿಂದ ದೂರವಿದ್ದವನು; ದಖ್ಖನಿನ ಯುದ್ಧಗಳು ರೈತರನ್ನೂ ಸೈನಿಕರನ್ನೂ ಹೇಗೆ ಹಿಂಡಿದವೆಂಬುದನ್ನು ಮರೆಮಾಚದೆ ಬರೆದವನು. ಒಂದು ತಲೆಮಾರಿನ ನಂತರ ಬರೆದ ಖಾಫಿ ಖಾನನ ಇತಿಹಾಸವೂ, ದರ್ಬಾರಿನಲ್ಲಿ ದಿನದಿನವೂ ನಡೆದುದನ್ನು ಗುರುತು ಹಾಕಿಟ್ಟ ‘ಅಖಬಾರಾತ್’ ಎಂಬ ಸುದ್ದಿಪತ್ರಗಳೂ ಇವುಗಳೊಂದಿಗೆ ಸೇರುತ್ತವೆ. ಇವೆಲ್ಲವೂ ಪಾರಸಿಯಲ್ಲಿವೆ, ಎಲ್ಲವೂ ಕೋಟೆಯ ಹೊರಗೆ ಡೇರೆ ಹಾಕಿದ್ದ ಪಕ್ಷದವು. ಕೋಟೆಯ ಒಳಗೆ ಕುಳಿತು ಮುತ್ತಿಗೆಯನ್ನು ಕಂಡವನೊಬ್ಬನ ಬರಹವು ಈ ಸಾಲಿನಲ್ಲಿಲ್ಲ.

ಈ ಆಕರಗಳನ್ನು ಒಟ್ಟುಗೂಡಿಸಿ ಮುತ್ತಿಗೆಯ ಸುಸಂಬದ್ಧ ಕಥನವನ್ನು ಕಟ್ಟಿದವರು ಜದುನಾಥ ಸರ್ಕಾರರು. ಐದು ಸಂಪುಟಗಳ ಅವರ ಔರಂಗಜೇಬನ ಇತಿಹಾಸದ ಕೊನೆಯ ಸಂಪುಟದಲ್ಲಿ ವಾಗಣಗೇರಾಕ್ಕೆ ವಿಸ್ತಾರವಾದ ಸ್ಥಾನ ದೊರೆತಿದೆ. ತಾರೀಕು, ಸ್ಥಳ, ಸೇನೆಗಳ ಚಲನೆ ಮುಂತಾದವುಗಳಲ್ಲಿ ಅವರ ಕೆಲಸ ಇಂದಿಗೂ ಅಡಿಗಲ್ಲಾಗಿದೆ. ಆದರೆ ಬೇಡರ ವಿಷಯಕ್ಕೆ ಬಂದಾಗ ಅವರ ಲೇಖನಿ, ಪಾರಸಿ ಬರಹಗಾರರ ಮತ್ತು ಬ್ರಿಟಿಷ್ ಗ್ಯಾಸೆಟಿಯರುಗಳ ದೃಷ್ಟಿಯನ್ನು ಹೆಚ್ಚು ಪ್ರಶ್ನಿಸದೆ ಸ್ವೀಕರಿಸಿತು. ದಾರಿಗಳನ್ನು ಕಾಯುವ, ಗುರಿ ತಪ್ಪದೆ ತುಪಾಕಿ ಹಾರಿಸುವ, ರಾತ್ರಿ ದಾಳಿಯಲ್ಲಿ ಪಳಗಿದ ಈ ಜನ ಅಲ್ಲಿ ಮುಖ್ಯವಾಗಿ ದರೋಡೆಗಾರರಾಗಿ ಕಾಣಿಸಿಕೊಳ್ಳುತ್ತಾರೆ. ಅವರ ಶೌರ್ಯವನ್ನು ಸರ್ಕಾರರು ಒಪ್ಪಿಕೊಂಡರೂ ಅವರ ಆಳ್ವಿಕೆಯನ್ನು ಆಳ್ವಿಕೆಯೆಂದು ಎಣಿಸಲಿಲ್ಲ.

ಚಕ್ರವರ್ತಿಯು ಬಂದುದೇಕೆ ಎಂಬ ಪ್ರಶ್ನೆಗೆ ಅತ್ಯಂತ ಹಳೆಯ ಉತ್ತರ ಧರ್ಮದ್ದು. ದರ್ಬಾರಿನ ಚರಿತ್ರೆಕಾರನು ಕಾಫಿರರ ಮೇಲಿನ ಪವಿತ್ರ ಯುದ್ಧದ ಭಾಷೆಯಲ್ಲಿಯೇ ಬರೆಯುತ್ತಾನೆ. ಗೆದ್ದ ಕೋಟೆಗೆ ದಯಾಮಯನಾದ ದೇವರ ಕೊಡುಗೆ ಎಂಬ ಅರ್ಥದ ‘ರಹಮಾನ್ ಬಕ್ಷ್’ ಎಂಬ ಹೆಸರಿಟ್ಟುದೂ ಅದೇ ಭಾಷೆಯ ಭಾಗ. ಆದರೆ ರಣರಂಗದಲ್ಲಿದ್ದವರ ಪಟ್ಟಿ ಈ ಭಾಷೆಗೆ ಹೊಂದುವುದಿಲ್ಲ. ವಾಗಣಗೇರಾದ ಮೇಲಿನ ಕೊನೆಯ ಹೊಡೆತದಲ್ಲಿ ಮುಂಚೂಣಿಯಲ್ಲಿದ್ದವನು ದಲಪತ ರಾವ್ ಬುಂದೇಲನೆಂಬ ಹಿಂದೂ ಸರದಾರ, ಅದನ್ನು ಬರೆದಿಟ್ಟವನು ಭೀಮಸೇನ. ಒಳಗಿದ್ದ ನಾಯಕರ ಮನೆತನವು ಬಿಜಾಪುರದ ಮುಸ್ಲಿಂ ಸುಲ್ತಾನನಿಗಾಗಿ ರಕ್ತ ಸುರಿಸಿದ ಮನೆತನ. ಚಕ್ರವರ್ತಿಯು ಇದಕ್ಕೆ ಮೊದಲು ನಾಶಮಾಡಿದ ಎರಡು ದೊಡ್ಡ ರಾಜ್ಯಗಳೂ ಮುಸ್ಲಿಂ ದೊರೆಗಳವೇ. ಆದ್ದರಿಂದ ಧರ್ಮದ ಮಾತು ಸೇನೆಯನ್ನು ಹುರಿದುಂಬಿಸಿ ಗೆಲುವನ್ನು ಶೃಂಗರಿಸಿತೆಂದು ಹೇಳಬಹುದೇ ಹೊರತು, ದಂಡನ್ನು ಇಲ್ಲಿಗೆ ಎಳೆತಂದ ಕಾರಣ ಅದೆಂದು ಹೇಳಲು ಆಧಾರ ಸಾಲದು.

ಅದಕ್ಕಿಂತ ಗಟ್ಟಿಯಾದ ವಾದಗಳು 1950ರ ನಂತರ ಹುಟ್ಟಿದವು. ಇತಿಹಾಸಕಾರರಾದ ಸತೀಶ್ ಚಂದ್ರ, ಇರ್ಫಾನ್ ಹಬೀಬ್ ಮತ್ತು ಎಂ. ಅತ್ಹರ್ ಅಲಿ ಅವರು, ಬೇರೆಬೇರೆ ದಾರಿಗಳಿಂದ, ಮೊಗಲ್ ವ್ಯವಸ್ಥೆಯ ಬಿಕ್ಕಟ್ಟು ಜಾಗೀರುಗಳ ಬಿಕ್ಕಟ್ಟೆಂದು ನಿರೂಪಿಸಿದರು. ಮನಸಬದಾರ ಎಂದರೆ ಚಕ್ರವರ್ತಿಯಿಂದ ನಿಗದಿತ ದರ್ಜೆ ಪಡೆದ ಅಧಿಕಾರಿ. ಅವನಿಗೆ ಸಂಬಳದ ಬದಲು ಒಂದು ಸೀಮೆಯ ಕಂದಾಯವನ್ನು ಬಿಟ್ಟುಕೊಡುವುದೇ ಜಾಗೀರು. ದಖ್ಖನಿನ ಹೊಸ ಸರದಾರರಿಗೆಲ್ಲ ದರ್ಜೆ ಹಂಚಿದಷ್ಟೂ ಕೊಡಲು ಜಾಗೀರು ಸಾಲದೆ ಹೋಯಿತು, ಸಿಕ್ಕ ಜಾಗೀರಿನಿಂದ ಅವಸರದಲ್ಲಿ ಹಣ ಹಿಂಡಿದ್ದರಿಂದ ರೈತರು ಹೊಲ ಬಿಟ್ಟು ಓಡಿದರು ಅಥವಾ ಆಯುಧ ಹಿಡಿದರು ಎಂಬುದು ಅವರ ವಾದಗಳ ಒಟ್ಟು ಸಾರ. ಅಮೆರಿಕದ ಇತಿಹಾಸಕಾರ ಜಾನ್ ರಿಚರ್ಡ್ಸ್ 1976ರಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿದರು. ಬಿಜಾಪುರ, ಗೋಲ್ಕೊಂಡಗಳಿಂದ ಬಂದ ಕಂದಾಯ ಕಡಿಮೆಯೇನಲ್ಲ, ಚಕ್ರವರ್ತಿಯು ಹಂಚದೆ ತನ್ನ ಕೈಯಲ್ಲೇ ಇಟ್ಟುಕೊಂಡ ಭೂಮಿ ಸಾಕಷ್ಟಿತ್ತು. ಹಾಗಾದರೆ ಕೊರತೆಯಾದದ್ದು ರಾಜಕೀಯ ಬುದ್ಧಿಗೆ, ಊರೂರಿನ ಯೋಧ ನಾಯಕರನ್ನು ಗೌರವದಿಂದ ಸಾಮ್ರಾಜ್ಯದೊಳಗೆ ಸೇರಿಸಿಕೊಳ್ಳುವ ಕೌಶಲಕ್ಕೆ ಎಂದು ಅವರು ವಾದಿಸಿದರು.

ವಾಗಣಗೇರಾದ ಪೂರ್ವಕಥೆಯನ್ನು ಈ ವಾದದ ಬೆಳಕಿನಲ್ಲಿ ಓದಿದರೆ ಅದು ಮನಸ್ಸಿಗೆ ನಾಟುತ್ತದೆ. ಪಿಡ್ಡನಾಯಕನು ಮೊಗಲ್ ಸೇವೆಗೆ ಒಮ್ಮೆ ಸೇರಿದವನು. ಅವನನ್ನು ಅಲ್ಲಿಯೇ ಉಳಿಸಿಕೊಳ್ಳುವಂತಹದೇನನ್ನೂ ಸಾಮ್ರಾಜ್ಯ ಅವನಿಗೆ ಕೊಡಲಿಲ್ಲ. ಒಬ್ಬ ದೂರದ ಸೀಮೆಯ ಸರದಾರನ ಹೆಂಡತಿ ಮಕ್ಕಳು, ಬಂಧುಬಳಗ, ಊರ ದೇವರು ಎಲ್ಲವೂ ಅವನ ಊರಿನಲ್ಲಿರುವಾಗ, ಬಿಡಾರದಿಂದ ಬಿಡಾರಕ್ಕೆ ಅಲೆಯುವ ದರ್ಬಾರಿನಲ್ಲಿ ಅವನನ್ನು ಕಟ್ಟಿಹಾಕಲು ದರ್ಜೆಯೊಂದೇ ಸಾಕಾಗದೆಂಬುದು ಸುರಪುರ ಸೀಮೆಯ ಜನಜೀವನವನ್ನು ಬಲ್ಲವರಿಗೆ ವಿಚಿತ್ರವಾಗಿ ಕಾಣಿಸದು. ರಿಚರ್ಡ್ಸ್‌ರ ವಾದಕ್ಕೂ ಒಂದು ಮಿತಿಯಿದೆ: ಅದು ಎಲ್ಲ ನಾಯಕರೂ ಅವಕಾಶ ಸಿಕ್ಕಿದ್ದರೆ ಸಾಮ್ರಾಜ್ಯದೊಳಗೆ ಸೇರುತ್ತಿದ್ದರೆಂದು ಭಾವಿಸುತ್ತದೆ. ಪಿಡ್ಡನಾಯಕನಿಗೆ ಬೇಕಾಗಿದ್ದುದು ಆ ಸೇರ್ಪಡೆಯೇ ಅಥವಾ ದೂರದಿಂದ ಕಾಣಿಕೆ ಸಲ್ಲಿಸಿ ತನ್ನ ಸೀಮೆಯಲ್ಲಿ ತಾನೇ ದೊರೆಯಾಗಿರುವ ಸ್ವಾತಂತ್ರ್ಯವೇ ಎಂಬ ಪ್ರಶ್ನೆ ಬಾಕಿ ಉಳಿಯುತ್ತದೆ. ಅವನ ನಡೆ ಎರಡನೆಯದರತ್ತ ಬೆರಳು ತೋರಿಸುತ್ತದೆ.

ಮುತ್ತಿಗೆಯ ನಡುವೆ ನಡೆದ ಸಂಧಾನವು ಈ ಚರ್ಚೆಯ ಹೃದಯಭಾಗ. ಮೊಗಲ್ ಪಡೆಯು ಮೊದಲ ದಿನಗಳಲ್ಲಿ ಕೋಟೆಗೆ ಎದುರಾದ ಲಾಲ್ ಟೀಕ್ರಿ ಎಂಬ ಕೆಂಪು ದಿಬ್ಬವನ್ನು ಹಿಡಿದು ಮತ್ತೆ ಕಳೆದುಕೊಂಡಿತು. ಧನಾಜಿ ಜಾಧವ್ ಮತ್ತು ಹಿಂದೂರಾವ್ ಘೋರ್ಪಡೆ ಅವರ ಮರಾಠಾ ಕುದುರೆ ಪಡೆಗಳು ಹೊರಗಿನಿಂದ ಬಂದು ಮೊಗಲರನ್ನು ಕಾಡತೊಡಗಿದವು. ಈ ಸರದಾರರ ಕುಟುಂಬದವರು ವಾಗಣಗೇರಾದಲ್ಲಿ ಆಶ್ರಯ ಪಡೆದಿದ್ದರು. ಅವರನ್ನು ಸುರಕ್ಷಿತವಾಗಿ ಹೊರಗೆ ಕಳುಹಿಸಿದ ಮೇಲೂ ಮರಾಠರು ನಿಲ್ಲುವಂತೆ ಪಿಡ್ಡನಾಯಕನು ಹಣ ಕೊಟ್ಟು ಒಪ್ಪಿಸಿದನು. ಈ ಹೊತ್ತಿನಲ್ಲಿ ಅಬ್ದುಲ್ ಗನಿ ಎಂಬ ಕಾಶ್ಮೀರಿ ವ್ಯಾಪಾರಿಯೊಬ್ಬನು ಕೋಟೆಯೊಳಗಿನಿಂದ ಶರಣಾಗತಿಯ ಪತ್ರ ತಂದನು. ಪಿಡ್ಡನಾಯಕನ ತಮ್ಮ ಸೋಮಶಂಕರನು ಹೊರಬಂದು ದರ್ಜೆ ಪಡೆದನು. ಮುಹ್ತಶಂ ಖಾನನೆಂಬ ಸರದಾರನು ಕೋಟೆಯ ಕಿಲ್ಲೇದಾರನಾಗಿ ಕೆಲವೇ ಜನರೊಂದಿಗೆ ಒಳಗೆ ಹೋದನು. ಬಿಡಾರದಲ್ಲಿ ವಿಜಯದ ನಗಾರಿಗಳು ಮೊಳಗಿದವು. ಅಷ್ಟರಲ್ಲಿ ಪಿಡ್ಡನಾಯಕನಿಗೆ ಹುಚ್ಚು ಹಿಡಿದು ಮರಾಠರೊಂದಿಗೆ ಓಡಿಹೋದನೆಂಬ ಸುದ್ದಿ ಬಂದಿತು. ಸೋಮಶಂಕರನನ್ನೇ ನಾಯಕನನ್ನಾಗಿ ಮಾಡಿ ಕಳುಹಿಸಿದರೆ ಕೋಟೆ ಬಿಟ್ಟುಕೊಡುವುದಾಗಿ ಅವನ ತಾಯಿಯ ಬಿನ್ನಹ ಬಂದಿತು, ಚಕ್ರವರ್ತಿಯು ಅವನನ್ನು ಕಳುಹಿಸಿಕೊಟ್ಟನು. ಆದರೆ ಕೋಟೆ ಕೈಸೇರಲಿಲ್ಲ, ಒಳಗೆ ಹೋದ ಮುಹ್ತಶಂ ಖಾನನು ಸೆರೆಯಾಳಾದನು, ಗುಂಡಿನ ಸುರಿಮಳೆ ಮತ್ತೆ ಆರಂಭವಾಯಿತು.

ಪಾರಸಿ ಬರಹಗಾರರಿಗೂ ಸರ್ಕಾರರಿಗೂ ಇದು ನಿಸ್ಸಂಶಯವಾಗಿ ವಂಚನೆ. ಆದರೆ ಆಂದ್ರೆ ವಿಂಕ್ ಎಂಬ ಡಚ್ ವಿದ್ವಾಂಸರು 1986ರ ತಮ್ಮ ಗ್ರಂಥದಲ್ಲಿ, ಮರಾಠರ ರಾಜ್ಯನಿರ್ಮಾಣವನ್ನು ವಿವರಿಸುತ್ತಾ, ಪಾರಸಿ ಮೂಲಗಳು ‘ಫಿತ್ನಾ’ ಎಂದು ಜರೆಯುವ ಪಕ್ಷಾಂತರ, ಒಳಸಂಧಾನ ಮತ್ತು ಮಾತು ಬದಲಿಸುವಿಕೆಯು ಆ ಕಾಲದ ರಾಜಕಾರಣದ ನಿತ್ಯದ ಸಾಧನವಾಗಿತ್ತೆಂದೂ, ಮೊಗಲರೂ ಅದನ್ನೇ ಬಳಸಿ ಬೆಳೆದರೆಂದೂ ತೋರಿಸಿದರು. ಮೊಗಲರ ಯುದ್ಧಪದ್ಧತಿಯನ್ನು ಕುರಿತು 2002ರಲ್ಲಿ ಬರೆದ ಯೋಸ್ ಹೊಮ್ಮನ್ಸ್ ಅವರೂ ಕೋಟೆಗಳು ಫಿರಂಗಿಗಿಂತ ಹೆಚ್ಚಾಗಿ ಮಾತುಕತೆಯಿಂದ ಮತ್ತು ಹಣದಿಂದ ಕೈ ಬದಲಾಯಿಸುತ್ತಿದ್ದುವೆಂಬುದಕ್ಕೆ ಒತ್ತು ಕೊಟ್ಟಿದ್ದಾರೆ. ವಾಗಣಗೇರಾಕ್ಕೆ ಬರುವ ಮೊದಲು ಔರಂಗಜೇಬನು 1699ರಿಂದ ಹಿಡಿದ ಸಾತಾರಾ, ಪನ್ಹಾಳ, ಖೇಳ್ಣಾ, ಸಿಂಹಗಡ, ರಾಜಗಡಗಳಂತಹ ಮರಾಠಾ ಕೋಟೆಗಳ ಸಾಲಿನಲ್ಲಿ ತೋರಣಾ ಕೋಟೆಯೊಂದೇ ನೇರ ದಾಳಿಯಿಂದ ಸಿಕ್ಕಿತೆಂಬುದು ಪ್ರಸಿದ್ಧವಾಗಿದೆ. ಉಳಿದವು ಹೆಚ್ಚಾಗಿ ಒಪ್ಪಂದ ಮತ್ತು ಹಣದ ಚೀಲಗಳ ಮೂಲಕ ಸಿಕ್ಕವು. ಅಲ್ಲಿ ಜಾಣತನವೆನಿಸಿದ ಮಾರ್ಗವು ಬೇಡ ನಾಯಕನ ಕೈಯಲ್ಲಿ ಮಾತ್ರ ಮೋಸವಾಗುವುದು ನ್ಯಾಯದ ಮಾತಲ್ಲ.

ಯುರೋಪಿನ ಇತಿಹಾಸದಲ್ಲಿ ಇದೇ ಬಗೆಯ ಒಂದು ವಿವಾದವಿದೆ. 1444ರಲ್ಲಿ ಪೋಲೆಂಡ್ ಮತ್ತು ಹಂಗೇರಿಗಳ ಯುವ ದೊರೆ ವ್ಲಾದಿಸ್ಲಾವನು ಬಲ್ಗೇರಿಯದ ನೆಲವನ್ನು ಹಾಯ್ದು ಒಟ್ಟೊಮನ್ ಸುಲ್ತಾನ ಎರಡನೆಯ ಮುರಾದನ ವಿರುದ್ಧ ಕ್ರುಸೇಡ್, ಅಂದರೆ ಪೋಪನ ಆಶೀರ್ವಾದ ಪಡೆದ ಧರ್ಮಯುದ್ಧ, ಹೂಡಿ, ನವೆಂಬರ್ 10ರಂದು ಕಪ್ಪು ಸಮುದ್ರದ ದಡದ ವಾರ್ನಾದಲ್ಲಿ ಮಡಿದನು. ಆ ಬೇಸಿಗೆಯಲ್ಲಿಯೇ ಸೆಗೆದ್ ಎಂಬಲ್ಲಿ ಅವನ ಪಕ್ಷ ಹತ್ತು ವರ್ಷಗಳ ಶಾಂತಿ ಒಪ್ಪಂದ ಮಾಡಿಕೊಂಡಿತ್ತು. ದೊರೆಯು ಆ ಒಪ್ಪಂದಕ್ಕೆ ಪ್ರಮಾಣ ಮಾಡಿ ಮುರಿದನೆಂಬುದು ಬಹುಕಾಲದ ನಂಬಿಕೆ. ಪೋಲಿಷ್ ವಿದ್ವಾಂಸ ಆಸ್ಕರ್ ಹಲೆತ್ಸ್ಕಿ 1943ರಲ್ಲಿ ಅವನು ಅಂತಹ ಪ್ರಮಾಣವನ್ನೇ ಮಾಡಲಿಲ್ಲವೆಂದು ವಾದಿಸಿದರು, ಬೇರೆ ವಿದ್ವಾಂಸರು ಪ್ರವಾಸಿ ಸಿರಿಯಾಕನ ಪತ್ರಗಳನ್ನೂ ಇತರ ಮೂಲಗಳನ್ನೂ ಮುಂದಿಟ್ಟು ಅದನ್ನು ಖಂಡಿಸಿದರು. ಅಲ್ಲಿಯೂ ಧರ್ಮದ ಮಾತಿನ ಹಿಂದೆ ಸರ್ಬಿಯದ ದೊರೆ ತನ್ನ ಕೋಟೆಗಳನ್ನು ಮರಳಿ ಪಡೆಯುವಂತಹ ಲೌಕಿಕ ಲೆಕ್ಕಾಚಾರಗಳಿದ್ದವು. ಆದರೆ ವಾರ್ನಾದ ಚರ್ಚೆಗೆ ಒಂದು ಅನುಕೂಲವಿದೆ: ಲ್ಯಾಟಿನ್, ಗ್ರೀಕ್ ಮತ್ತು ಒಟ್ಟೊಮನ್ ತುರ್ಕಿ ಮೂಲಗಳು ಅಲ್ಲಿ ಎದುರುಬದುರು ನಿಲ್ಲುತ್ತವೆ, ಕಾಲಿನ್ ಇಂಬರ್ ಅವರು 2006ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಓದುಗನು ಎರಡೂ ಪಕ್ಷಗಳ ಮಾತನ್ನು ಪಕ್ಕಪಕ್ಕದಲ್ಲಿಟ್ಟು ತೂಗಬಹುದು. ವಾಗಣಗೇರಾದ ವಿಷಯದಲ್ಲಿ ನ್ಯಾಯಾಧೀಶನು ಕೇಳುತ್ತಿರುವುದು ಫಿರ್ಯಾದಿಯ ಮಾತನ್ನು ಮಾತ್ರ.

ಸೇನಾ ವಿವರಗಳಲ್ಲಿ ವಿದ್ವಾಂಸರ ನಡುವೆ ಅಷ್ಟು ಭಿನ್ನಮತವಿಲ್ಲ. ಮಾರ್ಚ್ ಕೊನೆಗೆ ಮೊಗಲ್ ಸೇನಾಪತಿ ಜುಲ್ಫಿಕಾರ್ ಖಾನ್ ನುಸ್ರತ್ ಜಂಗನು ದಾವೂದ್ ಖಾನ್ ಪನ್ನಿ ಮತ್ತು ದಲಪತ ರಾವ್‌ನೊಂದಿಗೆ ಬಂದು ಸೇರಿದ ಮೇಲೆ ಮುತ್ತಿಗೆ ಬಿಗಿಯಾಯಿತು. ಒಳಗಿನವರು ನೀರು ಸೇದುತ್ತಿದ್ದ ಬಾವಿಗಳನ್ನು ಅವನು ಹಿಡಿದನು, ಬಿಸಿಲು ಏರುವ ಏಪ್ರಿಲ್‌ನಲ್ಲಿ ಯಾದಗಿರಿ ಸೀಮೆಯ ಕಲ್ಲುಗುಡ್ಡದ ಮೇಲೆ ನೀರಿಲ್ಲದೆ ನಿಲ್ಲುವುದೆಂದರೇನೆಂಬುದನ್ನು ಅಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಏಪ್ರಿಲ್ 27ರಂದು ಗುಡ್ಡದ ಕೆಳಗಿನ ತಳವಾರಗೇರಾ ಎಂಬ ಗೋಡೆ ಕಟ್ಟಿದ ಪೇಟೆ ಬಿದ್ದಿತು. ಆ ರಾತ್ರಿ ಪಿಡ್ಡನಾಯಕನು ಕೋಟೆಯ ಹಿಂಬದಿಯಿಂದ ಮರಾಠರೊಂದಿಗೆ ಹೊರಟುಹೋದನು; ಮೊಗಲರು ಒಳಹೊಕ್ಕಾಗ ಉರಿಯುವ ಮನೆಗಳು ಕಂಡವು, ಸೆರೆಯಲ್ಲಿದ್ದ ಮುಹ್ತಶಂ ಖಾನನು ಸಿಕ್ಕನು.

ಹಾಗಾದರೆ ಗೆದ್ದವರು ಯಾರು? ದರ್ಬಾರಿನ ಚರಿತ್ರೆಯು ಇದನ್ನು ಗೆಲುವೆಂದು ಕೊಂಡಾಡುತ್ತದೆ. ಸರ್ಕಾರರಾದರೋ, ಬೇಡರ ದೊರೆ ತಪ್ಪಿಸಿಕೊಂಡು ಮತ್ತೆ ಕಾಡುವಂತಾದ್ದರಿಂದ ಚಕ್ರವರ್ತಿಯ ಶ್ರಮವೆಲ್ಲ ವ್ಯರ್ಥವಾಯಿತೆಂದು ತೀರ್ಮಾನಿಸಿದರು. ಮುತ್ತಿಗೆಯ ನಂತರ ಬಿಡಾರವು ಸುರಪುರ ಸೀಮೆಯದೇ ಆದ ದೇವಾಪುರದಲ್ಲಿ ನೆಲೆಯೂರಿತು. ಇಲ್ಲಿ ಔರಂಗಜೇಬನು ಕಾಯಿಲೆ ಬಿದ್ದು ಬಿಡಾರವೆಲ್ಲ ಕಂಗಾಲಾಯಿತು. ಮಳೆಗಾಲವನ್ನು ಕಳೆದು 1705ರ ಅಕ್ಟೋಬರ್ ಕೊನೆಯಲ್ಲಿ ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟ ಅವನು ಮರುವರ್ಷದ ಜನವರಿಯಲ್ಲಿ ಅಹ್ಮದ್‌ನಗರ ತಲುಪಿ, ಹೊಸ ಪಂಚಾಂಗದಂತೆ 1707ರ ಮಾರ್ಚ್ 3ರಂದು ಅಲ್ಲಿಯೇ ತೀರಿಕೊಂಡನು. ಕೋಟೆ ಬಿದ್ದರೂ ಸಂಸ್ಥಾನ ಬೀಳಲಿಲ್ಲ ಎಂಬುದೇ ಇಲ್ಲಿ ತೂಕದ ಸಂಗತಿ. ಪಿಡ್ಡನಾಯಕನು ಸುರಪುರವನ್ನು ರಾಜಧಾನಿಯಾಗಿ ಕಟ್ಟಿಕೊಂಡನು, ಅವನ ವಂಶಸ್ಥರು ನಿಜಾಮರಿಗೂ ಪೇಶ್ವೆಗಳಿಗೂ ಕಾಣಿಕೆ ಸಲ್ಲಿಸುತ್ತ, ಆಗಾಗ ತಪ್ಪಿಸುತ್ತ, ಒಂದೂವರೆ ಶತಮಾನ ಆಳಿದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು ಮಡಿದ ಮೇಲೆಯೇ ಆ ಆಳ್ವಿಕೆ ಕೊನೆಗೊಂಡಿತು. ಇಷ್ಟು ಕಾಲ ನಿಂತ, ಊರು ಕಟ್ಟಿದ, ಗುಡಿಗಳನ್ನು ಪೋಷಿಸಿದ ಮನೆತನವನ್ನು ದರೋಡೆಗಾರರ ಗುಂಪೆಂದು ಕರೆಯುವುದು ಇತಿಹಾಸದ ಭಾಷೆಯಾಗಲಾರದು.

ಸ್ಥಳೀಯ ದೃಷ್ಟಿಯ ಈ ಕೊರತೆಯನ್ನು ಕನ್ನಡದಲ್ಲಿ ತುಂಬುವ ಪ್ರಯತ್ನ ನಡೆದಿಲ್ಲವೆಂದಲ್ಲ. ಕಪಟರಾಳ ಕೃಷ್ಣರಾಯರಂತಹ ಸಂಶೋಧಕರು ಸುರಪುರ ಸಂಸ್ಥಾನದ ಇತಿಹಾಸವನ್ನು ಸ್ಥಳೀಯ ನೆಲೆಯಿಂದ ಬರೆದು, ಬೇಡ ನಾಯಕರನ್ನು ರಾಜಮನೆತನವಾಗಿ ಕಂಡರು. ಆದರೆ ಇಂತಹ ಕನ್ನಡ ಬರಹಗಳು ಮೊಗಲ್ ಇತಿಹಾಸದ ಇಂಗ್ಲಿಷ್ ಚರ್ಚೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಕನ್ನಡದ ಬರಹಗಾರರೂ ‘ದಿಲ್ಕುಶಾ’ದಂತಹ ಪಾರಸಿ ಮೂಲಗಳನ್ನು ಹೆಚ್ಚಾಗಿ ಇಂಗ್ಲಿಷ್ ಅನುವಾದದ ಮೂಲಕವೇ ನೋಡಬೇಕಾಗಿದೆ. ಅಭಿಮಾನದಿಂದ ಬರೆದ ಇತಿಹಾಸಕ್ಕೂ ತನ್ನದೇ ಆದ ಅಪಾಯವಿದೆ: ಪಿಡ್ಡನಾಯಕನನ್ನು ಕೇವಲ ಧರ್ಮರಕ್ಷಕನನ್ನಾಗಿ ಚಿತ್ರಿಸಿದರೆ, ಬಿಜಾಪುರದ ಸುಲ್ತಾನನ ಪರವಾಗಿ ಕಾದಿದ ಮನೆತನದ ಕಥೆಯೂ, ಮರಾಠರಿಗೆ ಹಣ ಕೊಟ್ಟು ನಿಲ್ಲಿಸಿಕೊಂಡ ಅವನ ಚತುರತೆಯೂ ಮರೆಯಾಗಿ, ಅವನು ನಿಜವಾಗಿ ಇದ್ದುದಕ್ಕಿಂತ ಚಿಕ್ಕವನಾಗುತ್ತಾನೆ.

ಆದ್ದರಿಂದ ಈ ಚರ್ಚೆ ಮುಂದೆ ಸಾಗಬೇಕಾದರೆ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ವಾಗಣಗೇರಾದ ಕೋಟೆ, ತಳವಾರಗೇರಾದ ನೆಲೆ, ಬಾವಿಗಳು ಮತ್ತು ಕೆಂಪು ದಿಬ್ಬವನ್ನು ಪಾರಸಿ ವರ್ಣನೆಗಳೊಂದಿಗೆ ಹೋಲಿಸಿ ನಕ್ಷೆ ಮಾಡಬೇಕು. ಗುಲ್ಬರ್ಗಾ ವಿಶ್ವವಿದ್ಯಾಲಯ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಪಾರಸಿ ಭಾಷೆ ಮತ್ತು ಮೋಡಿ ಲಿಪಿ ಬಲ್ಲ ತರುಣ ಸಂಶೋಧಕರು ತಯಾರಾಗಬೇಕು. ಸುರಪುರ, ಶಹಾಪುರ ಮತ್ತು ಸಗರದ ಹಳೆಯ ಮನೆತನಗಳಲ್ಲಿ, ಕುಲಕರ್ಣಿ ಮತ್ತು ದೇಸಾಯಿ ವಾಡೆಗಳಲ್ಲಿ, ಗಂಟು ಕಟ್ಟಿಟ್ಟ ಸನ್ನದು, ಲೆಕ್ಕದ ಕಡತ, ಪತ್ರಗಳಿದ್ದರೆ, ಗೆದ್ದಲು ತಿನ್ನುವ ಮೊದಲು ಅವುಗಳನ್ನು ಓದಬಲ್ಲವರಿಗೆ ತೋರಿಸಿ ಛಾಯಾಪ್ರತಿ ಮಾಡಿಸಬೇಕೆಂಬುದು ಆ ಸೀಮೆಯ ಓದುಗರಲ್ಲಿ ಮಾಡಬೇಕಾದ ವಿನಂತಿ.